ಮನುಷ್ಯ ಕಟ್ಟಿದ ಕಾಡಿನಲ್ಲಿ ಎರಡು ರಾತ್ರಿ

ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್‌ನಿಂದ ವಾಯವ್ಯ ದಿಕ್ಕಿಗೆ ಕಾರಿನಲ್ಲಿ ನಾಲ್ಕೈದು ಗಂಟೆ ಹೋದರೆ ಬೋಟ್ಸ್ವಾನಾದ ಗಡಿಗೆ ಒತ್ತಿಕೊಂಡಂತೆ ಮಡಿಕ್ವೆ ಗೇಮ್ ರಿಸರ್ವ್ ಇದೆ. ವಿಸ್ತೀರ್ಣ ಸುಮಾರು 75,000 ಹೆಕ್ಟೇರ್, ಹೆಚ್ಚುಕಡಿಮೆ ನಮ್ಮ ನಾಗರಹೊಳೆಯಷ್ಟು. ಸಿಂಹ, ಆನೆ, ಚಿರತೆ, ಕೇಪ್ ಎಮ್ಮೆ, ಖಡ್ಗಮೃಗ ಐದೂ ಇಲ್ಲಿವೆ. ಚೀತಾ, ಜಿರಾಫೆ, ಜೀಬ್ರಾಗಳಿವೆ. ಬೇರೆ ಕಡೆ ಕಣ್ಣಿಗೆ ಬೀಳುವುದೇ ಅಪರೂಪವಾದ ಆಫ್ರಿಕದ ಕಾಡುನಾಯಿಗಳೂ ಇವೆ. ಎರಡು ರಾತ್ರಿ ಉಳಿದು ಹೋಗುವ ಪ್ರವಾಸಿಗೆ ಇವುಗಳಲ್ಲಿ ಬಹಳಷ್ಟು ಕಾಣಸಿಗುತ್ತವೆ. ನೋಡಿದವರು ಅನಾದಿಕಾಲದ ಆಫ್ರಿಕವನ್ನೇ ನೋಡಿದೆವೆಂಬ ಸಂತೋಷದಲ್ಲಿ ಊರಿಗೆ ಮರಳುತ್ತಾರೆ.

ಆದರೆ 1990ರಲ್ಲಿ ಈ ನೆಲದ ಮೇಲೆ ಸಿಂಹದ ಹಿಂಡೂ ಇರಲಿಲ್ಲ, ಆನೆಯ ಹಿಂಡೂ ಇರಲಿಲ್ಲ. ದನಗಳಿದ್ದವು, ಮುಳ್ಳುತಂತಿಯ ಬೇಲಿಗಳಿದ್ದವು, ಮೇದು ಮೇದು ಬಡವಾದ ಬಯಲಿತ್ತು. ಇಂದಿನ ಸಿಂಹಗಳ, ಆನೆಗಳ ಮೂಲ ಸಂತತಿಯನ್ನು ಬೇರೆಡೆಯಿಂದ ತಂದು ಇಲ್ಲಿ ಬಿಟ್ಟದ್ದು. ಮಡಿಕ್ವೆ ಮನುಷ್ಯರು ಕೂತು ಲೆಕ್ಕ ಹಾಕಿ ಕಟ್ಟಿದ ಕಾಡು. ಅದನ್ನು ಉಳಿಸಿಕೊಳ್ಳಲು ಇಂದಿಗೂ ದಿನದಿನವೂ ದುಡಿಯಬೇಕು. ಅಲ್ಲಿ ಎರಡು ದಿನ ಕಳೆಯುವ ಅತಿಥಿ ಸಿಂಹವನ್ನು ನೋಡುವಷ್ಟೇ ಆಸೆಯಿಂದ ಈ ದುಡಿಮೆಯನ್ನೂ ನೋಡಬೇಕು. ಆಗ ಕಂಡದ್ದಕ್ಕೆ ಅರ್ಥ ಬರುತ್ತದೆ, ಕೊಟ್ಟ ಹಣಕ್ಕೂ ಅರ್ಥ ಬರುತ್ತದೆ.

ದನದ ಬಯಲಿಗೆ ಸಿಂಹ ಬಂದ ಬಗೆ

ಇದು ಮರಿಕೊ ಸೀಮೆ. ಒಂದು ಕಾಲಕ್ಕೆ ಇಲ್ಲಿ ಸಿಂಹಗಳು ಧಾರಾಳವಾಗಿದ್ದವು. ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ ಮೇಲೆ 1844ರಲ್ಲಿ ಸಿಂಹ ಎರಗಿ ಅವರ ಎಡತೋಳನ್ನು ಮುರಿದದ್ದು ಇದೇ ಸೀಮೆಯ ಮಬೋಟ್ಸಾದಲ್ಲಿ. ಆಮೇಲೆ ಬಂದೂಕು ಬಂತು, ದನದ ಫಾರ್ಮುಗಳು ಬಂದವು. ದೊಡ್ಡ ಪ್ರಾಣಿಗಳು ಒಂದೊಂದಾಗಿ ಅಳಿದವು. ಚಿರತೆ, ಕಂದು ಕತ್ತೆಕಿರುಬದಂಥ ಮರೆಯಲ್ಲಿ ಬದುಕಬಲ್ಲವು ಮಾತ್ರ ಅಲ್ಲಲ್ಲಿ ಉಳಿದುಕೊಂಡವು. ಮಳೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು, ಅದೂ ನಂಬಿಕೆಯದ್ದಲ್ಲ. ಇಂಥ ನೆಲದಲ್ಲಿ ದನ ಸಾಕುವುದು ದಿನಕಳೆದಂತೆ ನಷ್ಟದ ಬಾಬತ್ತಾಯಿತು.

ವರ್ಣಭೇದ ನೀತಿಯ ಕಾಲದಲ್ಲಿ ಬಿಳಿಯರ ಈ ಫಾರ್ಮುಗಳನ್ನು ಸರ್ಕಾರ ಕೊಂಡುಕೊಂಡಿತು. ಬೊಪುಟಾಟ್ಸ್ವಾನಾ ಎಂಬ ಕರಿಯರ ‘ಹೋಮ್‌ಲ್ಯಾಂಡ್‌’ಗೆ ಅವನ್ನು ಸೇರಿಸುವುದು ಉದ್ದೇಶ. ಈ ನೆಲವನ್ನು ಏನು ಮಾಡುವುದೆಂಬ ಪ್ರಶ್ನೆ ಆಗ ಎದುರಾಯಿತು. ದನ ಸಾಕಣೆ, ಬೇಸಾಯ, ವನ್ಯಜೀವಿ ಎಂಬ ಆಯ್ಕೆಗಳನ್ನು ಅಕ್ಕಪಕ್ಕ ಇಟ್ಟು ಆರ್ಥಿಕ ಅಧ್ಯಯನ ನಡೆಸಿದರು. ದನಕ್ಕಿಂತ ವನ್ಯಜೀವಿ ಪ್ರವಾಸೋದ್ಯಮವೇ ಹಲವು ಪಟ್ಟು ಹೆಚ್ಚು ಕೆಲಸ ಕೊಡುತ್ತದೆ, ಸುತ್ತಲ ಬಡ ಹಳ್ಳಿಗಳಿಗೆ ಹೆಚ್ಚು ಆದಾಯ ತರುತ್ತದೆ ಎಂದು ಆ ಅಧ್ಯಯನ ಹೇಳಿತು. 1991ರಲ್ಲಿ ಮಡಿಕ್ವೆ ರಿಸರ್ವ್ ಘೋಷಣೆಯಾಯಿತು. ನಮ್ಮಲ್ಲಿ ಅಭಯಾರಣ್ಯ ಹುಟ್ಟುವುದು ಉಳಿದಿರುವ ಕಾಡನ್ನು ಉಳಿಸಿಕೊಳ್ಳಲೆಂದು. ಮಡಿಕ್ವೆ ಹುಟ್ಟಿದ್ದು ಜನರ ಹೊಟ್ಟೆಪಾಡಿನ ಲೆಕ್ಕದಿಂದ. ಕಾಡು ಆ ಲೆಕ್ಕದ ಫಲವಾಗಿ ಬಂತು. ಈ ಮಾತು ನಮ್ಮ ಕಿವಿಗೆ ವಿಚಿತ್ರವಾಗಿ ಕೇಳುತ್ತದೆ, ಆದರೆ ಮಡಿಕ್ವೆಯ ಬುನಾದಿ ಇದೇ.

ಮೊದಲ ಕೆಲಸವೆಂದರೆ ಒಳಗಿನ ಹಳೆಯ ಬೇಲಿಗಳನ್ನು ಕಿತ್ತುಹಾಕಿ, ಸುತ್ತಲೂ ಸುಮಾರು 150 ಕಿಲೋಮೀಟರ್ ಉದ್ದದ ವಿದ್ಯುತ್ ಬೇಲಿ ಹಾಕುವುದು. ಮುಂದಿನದು ‘ಆಪರೇಷನ್ ಫೀನಿಕ್ಸ್’. 1991ರಿಂದ 1997ರವರೆಗೆ 28 ಜಾತಿಯ 8,000ಕ್ಕೂ ಹೆಚ್ಚು ಪ್ರಾಣಿಗಳನ್ನು ತಂದು ಬಿಟ್ಟರು. ಸಿಂಹಗಳು ನಮೀಬಿಯಾದ ಎಟೋಶಾ ಮೂಲದವು. ಆನೆಗಳು ಜಿಂಬಾಬ್ವೆಯ ಗೊನರೆಝೌ ಉದ್ಯಾನದಿಂದ ಬಂದವು. ಅಲ್ಲಿ ಆಗ ಭೀಕರ ಬರ. ಆನೆಗಳನ್ನು ಬಿಡಿಬಿಡಿಯಾಗಿ ತರದೆ ತಾಯಿ, ಮರಿ, ಹಿರಿಯ ಹೆಣ್ಣಾನೆ ಸಮೇತ ಇಡೀ ಕುಟುಂಬಗಳನ್ನೇ ತಂದರು. ಅಷ್ಟು ದೊಡ್ಡ ಪ್ರಮಾಣದ ಕುಟುಂಬ ಸ್ಥಳಾಂತರವನ್ನು ಅದಕ್ಕೆ ಮುಂಚೆ ಯಾರೂ ಮಾಡಿರಲಿಲ್ಲ.

ಬೆಳಗಿನ ಚಳಿ, ಸಂಜೆಯ ಬೆಂಕಿ

ಮಡಿಕ್ವೆಯಲ್ಲಿ ಸ್ವಂತ ಕಾರಿನಲ್ಲಿ ಸಫಾರಿ ಮಾಡುವಂತಿಲ್ಲ. ಒಳಗಿನ ಲಾಡ್ಜ್‌ಗಳಲ್ಲಿ ಉಳಿದವರಿಗೆ ಮಾತ್ರ ಪ್ರವೇಶ. ಇದೇ ದೇಶದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪದ್ಧತಿಯೇ ಬೇರೆ. 1926ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕ್ರೂಗರ್ ಸುಮಾರು 19,500 ಚದರ ಕಿಲೋಮೀಟರ್ ಹರಡಿದೆ, ಕರ್ನಾಟಕದ ಹತ್ತನೇ ಒಂದು ಭಾಗದಷ್ಟು. ಅಲ್ಲಿ ಡಾಂಬರು ರಸ್ತೆಯ ಮೇಲೆ ನಿಮ್ಮ ಕಾರನ್ನು ನೀವೇ ಓಡಿಸಿಕೊಂಡು ಹೋಗಬಹುದು, ಸರ್ಕಾರಿ ಕ್ಯಾಂಪ್‌ಗಳಲ್ಲಿ ಕಡಿಮೆ ಖರ್ಚಿನಲ್ಲಿ ಉಳಿಯಬಹುದು. ವಾರಗಟ್ಟಲೆ ಸಮಯ ಇರುವವರಿಗೆ ಕ್ರೂಗರ್ ಒಳ್ಳೆಯದು. ಎರಡು ರಾತ್ರಿ ಮಾತ್ರ ಕೈಯಲ್ಲಿದ್ದರೆ ಬಲ್ಲ ಗೈಡ್ ಜೊತೆಗಿರುವ ಸಣ್ಣ ರಿಸರ್ವೇ ಮೇಲು.

ಇಲ್ಲಿನ ದಿನಚರಿ ಪ್ರಾಣಿಗಳ ಗಡಿಯಾರಕ್ಕೆ ಹೊಂದಿಕೊಂಡದ್ದು. ಬೆಳಕು ಹರಿಯುವ ಮೊದಲೇ ಬಾಗಿಲು ತಟ್ಟಿ ಎಬ್ಬಿಸುತ್ತಾರೆ. ಕಾಫಿ, ಅದರಲ್ಲಿ ಅದ್ದಿ ತಿನ್ನುವ ಗಟ್ಟಿ ರಸ್ಕ್. ಮೇಲ್ಗಡೆ, ಪಕ್ಕ ಎಲ್ಲ ತೆರೆದಿರುವ ಲ್ಯಾಂಡ್ ಕ್ರೂಸರ್ ಹತ್ತಿ ಮೂರು ಗಂಟೆ ಸುತ್ತಾಟ. ಮರಳಿ ಬಂದು ತಿಂಡಿ. ನಡುಹಗಲು ಪ್ರಾಣಿಗಳೂ ನೆರಳು ಹಿಡಿಯುತ್ತವೆ, ಅತಿಥಿಗಳೂ ಹಿಡಿಯುತ್ತಾರೆ. ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಎರಡನೆಯ ಸುತ್ತು. ಸೂರ್ಯ ಮುಳುಗುವ ಹೊತ್ತಿಗೆ ಬಯಲಿನಲ್ಲಿ ವಾಹನ ನಿಲ್ಲಿಸಿ ಒಂದು ಪಾನೀಯ, ಕತ್ತಲಾದ ಮೇಲೆ ಸ್ಪಾಟ್‌ಲೈಟ್ ಹಿಡಿದು ನಿಶಾಚರಿಗಳ ಹುಡುಕಾಟ. ರಾತ್ರಿಯ ಊಟ ಬೊಮಾದಲ್ಲಿ, ಅಂದರೆ ಸುತ್ತ ಕಟ್ಟಿಗೆಯ ಆವರಣ, ನಡುವೆ ಬೆಂಕಿ ಇರುವ ಅಂಗಳದಲ್ಲಿ. ಮೆಕ್ಕೆಜೋಳದ ಹಿಟ್ಟಿನ ಪಾಪ್, ಕಬ್ಬಿಣದ ಪಾತ್ರೆಯಲ್ಲಿ ನಿಧಾನವಾಗಿ ಬೆಂದ ಪೊಯ್ಕಿ, ಕೆಂಡದ ಮೇಲೆ ಸುಟ್ಟ ಮಾಂಸ. ಸಸ್ಯಾಹಾರಿಗಳು ಮುಂಚೆಯೇ ತಿಳಿಸಿದರೆ ಪ್ರತ್ಯೇಕ ಅಡುಗೆ ಮಾಡಿಕೊಡುತ್ತಾರೆ. ಊಟ ಮುಗಿದ ಮೇಲೆ ಕೋಣೆಯವರೆಗೆ ಸಿಬ್ಬಂದಿ ಜೊತೆಗೇ ಬರುತ್ತಾರೆ. ಎಷ್ಟೋ ಲಾಡ್ಜ್‌ಗಳಿಗೆ ಕಾಂಪೌಂಡೇ ಇರುವುದಿಲ್ಲ, ಕತ್ತಲಲ್ಲಿ ಪ್ರಾಣಿಗಳು ಅಂಗಳದಲ್ಲೇ ಓಡಾಡುತ್ತವೆ.

ಮಡಿಕ್ವೆಯ ಭೂಮಿಯೇ ಒಂದು ವಿಶೇಷ. ಪಶ್ಚಿಮದ ಕಲಹಾರಿ ಒಣನೆಲಕ್ಕೂ ಪೂರ್ವದ ಕುರುಚಲು ಕಾಡಿಗೂ ಇದು ಸಂಧಿಸ್ಥಾನ. ಹಾಗಾಗಿ ಒಣನೆಲದ ಸ್ಪ್ರಿಂಗ್‌ಬಕ್, ಕುರುಚಲು ಕಾಡಿನ ಇಂಪಾಲ ಎರಡನ್ನೂ ಒಂದೇ ಬೆಳಗಿನಲ್ಲಿ ನೋಡಬಹುದು. ಪೂರ್ವದ ಅಂಚಿನಲ್ಲಿ ಮರಿಕೊ ನದಿ, ದಕ್ಷಿಣಕ್ಕೆ ಡ್ವಾರ್ಸ್‌ಬರ್ಗ್ ಬೆಟ್ಟಸಾಲು. ಮಲೇರಿಯಾ ಇಲ್ಲದ ಪ್ರದೇಶವಾದ್ದರಿಂದ ಮಕ್ಕಳನ್ನು ಕರೆದೊಯ್ಯುವವರಿಗೂ ನೆಮ್ಮದಿ.

ಗೈಡ್ ಓದುವ ಪುಸ್ತಕ

ಈ ಎರಡು ದಿನಗಳ ನಿಜವಾದ ಸಂಪತ್ತೆಂದರೆ ಸ್ಟೀರಿಂಗ್ ಹಿಡಿದು ಕೂತ ಗೈಡ್. ದಕ್ಷಿಣ ಆಫ್ರಿಕದಲ್ಲಿ ಈ ವೃತ್ತಿಗೆ ತರಬೇತಿ, ಪರೀಕ್ಷೆ, ಹಂತಹಂತದ ಅರ್ಹತೆಗಳಿವೆ. ರಾತ್ರಿ ಬಿದ್ದ ಹೆಜ್ಜೆಗೂ ಬೆಳಗಿನದಕ್ಕೂ ಇರುವ ವ್ಯತ್ಯಾಸವನ್ನು ಅವರು ಮಣ್ಣಿನ ಅಂಚಿನ ಗರಿಗರಿಯಲ್ಲಿ ಗುರುತಿಸುತ್ತಾರೆ. ಇಂಪಾಲ ಸೀನಿದಂತೆ ಶಬ್ದ ಮಾಡಿ ಒಂದೇ ಕಡೆ ದಿಟ್ಟಿಸಿದರೆ ಆ ದಿಕ್ಕಿನಲ್ಲಿ ಬೇಟೆಗಾರ ಪ್ರಾಣಿ ಇದೆಯೆಂದು ಲೆಕ್ಕ. ಜಿರಾಫೆಯ ಎತ್ತರದ ತಲೆಗಳೆಲ್ಲ ಒಂದೇ ಕಡೆ ತಿರುಗಿದ್ದರೂ ಅದೇ ಅರ್ಥ. ಲದ್ದಿ ಬಿಸಿಯಿದೆಯೋ ಒಣಗಿದೆಯೋ, ಮುರಿದ ಕೊಂಬೆಯ ರಸ ಆರಿದೆಯೋ ಇಲ್ಲವೋ, ಇವೆಲ್ಲ ಅವರಿಗೆ ಅಕ್ಷರಗಳು. ನಮ್ಮ ಜೇನುಕುರುಬರ ಹಿರಿಯರೊಂದಿಗೆ ಕಾಡಿನಲ್ಲಿ ನಡೆದವರಿಗೆ ಈ ವಿದ್ಯೆ ಹೊಸದೆನಿಸದು.

ತೆರೆದ ವಾಹನದಲ್ಲಿ ಕೂತಿದ್ದರೂ ಸಿಂಹ ಯಾಕೆ ಮೇಲೆ ಬೀಳುವುದಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ಹುಟ್ಟಿದಾಗಿನಿಂದ ವಾಹನ ನೋಡಿಕೊಂಡು ಬೆಳೆದ ಸಿಂಹಕ್ಕೆ ಅದು ಆಹಾರವೂ ಅಲ್ಲ, ಅಪಾಯವೂ ಅಲ್ಲ. ವಾಹನ ಮತ್ತು ಒಳಗಿನ ಜನ ಸೇರಿ ಅದರ ಕಣ್ಣಿಗೆ ಒಂದೇ ಆಕಾರ. ಯಾರಾದರೂ ಎದ್ದು ನಿಂತರೆ, ಕೆಳಗಿಳಿದರೆ ಆ ಆಕಾರ ಒಡೆಯುತ್ತದೆ. ಆ ಕ್ಷಣದಿಂದ ಸಿಂಹದ ಮುಂದಿರುವುದು ಮನುಷ್ಯ. ಕೂತೇ ಇರಿ, ಮೆಲ್ಲಗೆ ಮಾತಾಡಿ ಎಂದು ಗೈಡ್ ಹೇಳುವುದನ್ನು ಔಪಚಾರಿಕ ಸೂಚನೆ ಎಂದುಕೊಳ್ಳಬಾರದು. ಎಲ್ಲರ ಜೀವ ಆ ಮಾತಿನ ಮೇಲೆ ನಿಂತಿದೆ.

ದೊಡ್ಡ ಪ್ರಾಣಿ ಕಂಡಾಗ ರಸ್ತೆ ಬಿಟ್ಟು ಪೊದೆಯೊಳಗೆ ವಾಹನ ನುಗ್ಗಿಸಲು ಇಲ್ಲಿ ಅನುಮತಿ ಇದೆ. ರಸ್ತೆಯಿಂದ ಚಕ್ರ ಇಳಿಸುವುದೇ ನಿಷಿದ್ಧವಾದ ಬಂಡೀಪುರ, ಕಬಿನಿಯಲ್ಲಿ ಸಫಾರಿ ಮಾಡಿದವರಿಗೆ ಇದು ಅಚ್ಚರಿ ತರುತ್ತದೆ. ಆದರೆ ಈ ಸ್ವಾತಂತ್ರ್ಯಕ್ಕೆ ಕಟ್ಟುಪಾಡುಗಳಿವೆ. ಒಂದು ಪ್ರಾಣಿಯ ಬಳಿ ಏಕಕಾಲಕ್ಕೆ ಮೂರಕ್ಕಿಂತ ಹೆಚ್ಚು ವಾಹನ ನಿಲ್ಲುವಂತಿಲ್ಲ. ಉಳಿದವರು ರೇಡಿಯೊದಲ್ಲಿ ಸರದಿ ಕೇಳಿಕೊಂಡು ದೂರದಲ್ಲಿ ಕಾಯಬೇಕು. ಮಳೆಯಲ್ಲಿ ನೆಲ ಮೆತ್ತಗಾದಾಗ ರಸ್ತೆ ಬಿಡುವುದಿಲ್ಲ. ಹುಲಿಯ ಸುತ್ತ ಹತ್ತಾರು ಜೀಪುಗಳು ಮುತ್ತಿಕೊಳ್ಳುವ ದೃಶ್ಯ ನಮ್ಮ ದೇಶದ ಎಷ್ಟೋ ಉದ್ಯಾನಗಳಲ್ಲಿ ಮಾಮೂಲಿ. ಮೂರು ವಾಹನದ ಈ ನಿಯಮವನ್ನು ನಾವು ಕಲಿತರೆ ಹುಲಿಗೂ ಒಳಿತು, ನೋಡುವವರಿಗೂ ಒಳಿತು.

ಖಡ್ಗಮೃಗದ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು. ಕೊಂಬಿನ ಆಸೆಗೆ ದಕ್ಷಿಣ ಆಫ್ರಿಕದಲ್ಲಿ 2014ರ ಒಂದೇ ವರ್ಷ 1,215 ಖಡ್ಗಮೃಗಗಳನ್ನು ಕೊಂದರು. 2024ರಲ್ಲಿ ಆ ಸಂಖ್ಯೆ 420ಕ್ಕೆ ಇಳಿದಿದೆ, ಆದರೂ ದಿನಕ್ಕೆ ಒಂದಕ್ಕಿಂತ ಹೆಚ್ಚು. ಕೊಂಬು ನಮ್ಮ ಉಗುರಿನಂತೆ ಕೆರಾಟಿನ್‌ನಿಂದ ಆದದ್ದು, ಕತ್ತರಿಸಿದರೆ ಮತ್ತೆ ಬೆಳೆಯುತ್ತದೆ. ಹಾಗಾಗಿ ಅನೇಕ ರಿಸರ್ವ್‌ಗಳಲ್ಲಿ ಪ್ರಾಣಿಗೆ ಅರಿವಳಿಕೆ ಕೊಟ್ಟು ಕೊಂಬನ್ನು ತಾವೇ ಕತ್ತರಿಸುತ್ತಾರೆ. ಕೊಂಬಿಲ್ಲದ ಖಡ್ಗಮೃಗ ಕಂಡು ನಿರಾಸೆಪಡುವ ಪ್ರವಾಸಿ, ಅದು ಬದುಕಿರುವುದೇ ಕೊಂಬಿಲ್ಲದ ಕಾರಣಕ್ಕೆ ಎಂಬುದನ್ನು ನೆನೆಯಬೇಕು. ಸ್ಥಳದ ಗುರುತು ಸಮೇತ ಅದರ ಫೋಟೊವನ್ನು ಮೊಬೈಲ್‌ನಿಂದ ಹಂಚುವುದು ಕಳ್ಳಬೇಟೆಗಾರರಿಗೆ ದಾರಿ ತೋರಿಸಿದಂತೆ.

ಬೇಲಿ ಕೊಡುವುದೂ ಬೇಡುವುದೂ

ನಮ್ಮ ಕಾನೂನಿನಲ್ಲಿ ಕಾಡುಪ್ರಾಣಿ ಖಾಸಗಿ ಸ್ವತ್ತಾಗಲಾರದು. ದಕ್ಷಿಣ ಆಫ್ರಿಕದಲ್ಲಿ ಆಗಬಹುದು. ಅಲ್ಲಿನ 1991ರ ಗೇಮ್ ಥೆಫ್ಟ್ ಕಾಯ್ದೆಯ ಪ್ರಕಾರ, ತಕ್ಕ ಬೇಲಿ ಹಾಕಿದ ಜಮೀನಿನ ವನ್ಯಪ್ರಾಣಿ ತಪ್ಪಿಸಿಕೊಂಡು ಹೋದರೂ ಅದರ ಮೇಲಿನ ಒಡೆತನ ಹೋಗುವುದಿಲ್ಲ. ಇದರಿಂದಾಗಿ ಎಷ್ಟೋ ರೈತರು ದನ ಬಿಟ್ಟು ವನ್ಯಪ್ರಾಣಿ ಸಾಕಣೆಗೆ ತಿರುಗಿದರು. ಖಾಸಗಿ ರಿಸರ್ವ್‌ಗಳು ಬೆಳೆದವು. ಬೇಟೆಯೂ ಅನುಮತಿ ಪಡೆದು ನಡೆಯುವ ಕಾನೂನುಬದ್ಧ ಉದ್ಯಮವಾಗಿ ಉಳಿಯಿತು. ಬೇಟೆಯನ್ನು ಅರ್ಧ ಶತಮಾನದ ಹಿಂದೆಯೇ ನಿಷೇಧಿಸಿದ ದೇಶದವರಾದ ನಮಗೆ ಇದು ಒಪ್ಪಿಗೆಯಾಗುವುದು ಕಷ್ಟ, ನನಗೂ ಒಪ್ಪಿಗೆಯಿಲ್ಲ. ಆದರೆ ಅಲ್ಲಿನ ವನ್ಯಜೀವಿ ನೆಲದ ದೊಡ್ಡ ಪಾಲು ಈ ವ್ಯವಸ್ಥೆಯ ಮೇಲೆ ನಿಂತಿದೆ ಎಂಬುದು ವಾಸ್ತವ.

ಬೇಲಿ ಪ್ರಾಣಿಯನ್ನೂ ಊರನ್ನೂ ಪರಸ್ಪರರಿಂದ ಕಾಯುತ್ತದೆ. ಜೊತೆಗೆ ಹೊಸ ಹೊಣೆಯನ್ನೂ ಹೊರಿಸುತ್ತದೆ. ಬೇಲಿಯಿಲ್ಲದ ಕಾಡಿನಲ್ಲಿ ಪ್ರಾಯಕ್ಕೆ ಬಂದ ಕಾಡುನಾಯಿ ಹುಟ್ಟಿದ ಗುಂಪು ಬಿಟ್ಟು ನೂರಾರು ಕಿಲೋಮೀಟರ್ ಓಡಿ ಸಂಗಾತಿ ಹುಡುಕುತ್ತದೆ. ಬೇಲಿಯೊಳಗೆ ಅದು ಸಾಧ್ಯವಿಲ್ಲ, ಒಳಸಂಬಂಧ ಬೆಳೆದು ವಂಶ ಬಲಗುಂದುತ್ತದೆ. ಹಾಗಾಗಿ ಪಶುವೈದ್ಯರು, ಜೀವವಿಜ್ಞಾನಿಗಳು ಸೇರಿ ಒಂದು ರಿಸರ್ವ್‌ನಿಂದ ಇನ್ನೊಂದಕ್ಕೆ ಕಾಡುನಾಯಿಗಳನ್ನು ಸಾಗಿಸುತ್ತಾರೆ. ಹತ್ತಾರು ಬೇಲಿಗಳ ಒಳಗಿನ ಪ್ರಾಣಿಗಳನ್ನು ಒಂದೇ ಕುಲವೆಂದು ಎಣಿಸಿ ನಿರ್ವಹಿಸುವ ಪದ್ಧತಿ ಇದು. ಚೀತಾಗಳಿಗೂ ಇದೇ ವ್ಯವಸ್ಥೆ. 2023ರ ಫೆಬ್ರುವರಿಯಲ್ಲಿ ಮಧ್ಯಪ್ರದೇಶದ ಕುನೊಗೆ ಬಂದ 12 ಚೀತಾಗಳು ದಕ್ಷಿಣ ಆಫ್ರಿಕದ ಇಂಥ ನಿರ್ವಹಣೆಯ ಕೊಡುಗೆಯೇ.

ರೋಗದ ಭಯವೂ ಸದಾ ಇದ್ದೇ ಇದೆ. 1997ರಲ್ಲಿ ಮಡಿಕ್ವೆಯ ಕಾಡುನಾಯಿಗಳಿಗೆ ರೇಬೀಸ್ ತಗುಲಿತು. ಕಷ್ಟಪಟ್ಟು ತಂದು ನೆಲೆಗೊಳಿಸಿದ್ದ ಗುಂಪು ಬಹುತೇಕ ನಾಶವಾಯಿತು, ಬೆರಳೆಣಿಕೆಯ ಮರಿಗಳಷ್ಟೇ ಉಳಿದವು. ಉಳಿದವನ್ನು ಇಟ್ಟುಕೊಂಡು, ಹೊಸದಾಗಿ ತಂದು, ಲಸಿಕೆ ಹಾಕಿ ಮತ್ತೆ ಕಟ್ಟಿದರು. ಇಂದು ಮಡಿಕ್ವೆ ಕಾಡುನಾಯಿಗೆ ಹೆಸರಾಗಿರುವುದರ ಹಿಂದೆ ಈ ಎರಡನೆಯ ಪ್ರಯತ್ನವಿದೆ.

ಆನೆ ಕಲಿಸಿದ ಪಾಠ

ಭಾರತೀಯ ಪ್ರವಾಸಿಗಳಿಗೆ ಸನ್ ಸಿಟಿಯ ಪಕ್ಕದ ಪಿಲಾನೆಸ್‌ಬರ್ಗ್ ಪರಿಚಿತ. ಅದೂ ಮಡಿಕ್ವೆಯಂತೆಯೇ ಪ್ರಾಣಿಗಳನ್ನು ತಂದು ಕಟ್ಟಿದ ಉದ್ಯಾನ, 1979ರದ್ದು. ಕ್ರೂಗರ್‌ನಲ್ಲಿ ಸಂಖ್ಯೆ ತಗ್ಗಿಸಲು ದೊಡ್ಡಾನೆಗಳನ್ನು ಕೊಂದಾಗ ಅನಾಥವಾದ ಮರಿಗಳನ್ನು ಅಲ್ಲಿಗೆ ಸಾಗಿಸಿದ್ದರು. ಆ ಮರಿಗಳಲ್ಲಿ ಗಂಡಾನೆಗಳು ಪ್ರಾಯಕ್ಕೆ ಬಂದಾಗ, 1992ರಿಂದ 1997ರ ನಡುವೆ, 40ಕ್ಕೂ ಹೆಚ್ಚು ಬಿಳಿ ಖಡ್ಗಮೃಗಗಳನ್ನು ಇರಿದು ಕೊಂದವು. ಹದ್ದಿನಲ್ಲಿಡುವ ಹಿರಿಯ ಗಂಡಾನೆಗಳಿಲ್ಲದೆ ಅವುಗಳಿಗೆ ಮದ ಅಕಾಲದಲ್ಲಿ ಬಂದು ದೀರ್ಘಕಾಲ ಉಳಿಯುತ್ತಿತ್ತು. 1998ರಲ್ಲಿ ಕ್ರೂಗರ್‌ನಿಂದ ಆರು ಹಿರಿಯ ಗಂಡಾನೆಗಳನ್ನು ತಂದು ಬಿಟ್ಟರು. ಎಳೆಯ ಆನೆಗಳ ಮದ ಇಳಿಯಿತು, ಕೊಲೆ ನಿಂತಿತು. ಆನೆಗಳನ್ನು ತಂದು ಬಿಟ್ಟ ಮಾತ್ರಕ್ಕೆ ಆನೆಯ ಸಮಾಜ ತಾನಾಗಿ ಕಟ್ಟಿಕೊಳ್ಳದು ಎಂಬುದನ್ನು ಜಗತ್ತು ಕಲಿತದ್ದು ಅಲ್ಲಿ.

ಮಡಿಕ್ವೆ ಇಡೀ ಕುಟುಂಬಗಳನ್ನು ತಂದದ್ದರಿಂದ ಆ ಸಂಕಟ ತಪ್ಪಿತು. ಆದರೆ ಇನ್ನೊಂದು ಸಂಕಟ ನಿಧಾನವಾಗಿ ಬೆಳೆಯಿತು. 1990ರ ದಶಕದಲ್ಲಿ ಎರಡು ನೂರರ ಆಸುಪಾಸು ಇದ್ದ ಆನೆಗಳ ಸಂಖ್ಯೆ ಈಗ ಒಂದೂವರೆ ಸಾವಿರ ದಾಟಿದೆ. ನೀರಿಗೆ ಕೊರತೆಯಿಲ್ಲ, ಕಳ್ಳಬೇಟೆ ಕಡಿಮೆ, ಹೊರಗೆ ಹೋಗಲು ದಾರಿಯಿಲ್ಲ. ಮರಗಳು ಮುರಿದವು, ಹಸಿರು ತೆಳುವಾಯಿತು. 2024ರ ಬರದಲ್ಲಿ ಹತ್ತಾರು ಆನೆಗಳು ಮೇವಿಲ್ಲದೆ ಸತ್ತವು. ಸ್ಥಳಾಂತರಿಸೋಣವೆಂದರೆ ಬೇರೆ ರಿಸರ್ವ್‌ಗಳೂ ತುಂಬಿವೆ. ಗರ್ಭನಿರೋಧಕ ಲಸಿಕೆ ಜನನವನ್ನು ತಡೆಯುತ್ತದೆ, ಇರುವ ಸಂಖ್ಯೆಯನ್ನು ಕೂಡಲೇ ತಗ್ಗಿಸದು. ಕೊಲ್ಲುವ ಮಾತೆತ್ತಿದರೆ ದೇಶದೊಳಗೂ ಹೊರಗೂ ವಿರೋಧ. ನಮ್ಮ ಕೊಡಗು, ಹಾಸನದಲ್ಲಿ ಆನೆ ಕಾಡಿನಿಂದ ಹೊರಬಂದು ತೋಟದಲ್ಲಿ ಮನುಷ್ಯನಿಗೆ ಎದುರಾಗುತ್ತದೆ. ಅಲ್ಲಿ ಹೊರಬರಲಾಗದೆ ಒಳಗೇ ಹಸಿಯುತ್ತದೆ. ಬೇಲಿ ಹಾಕಿದರೆ ಆನೆ ಸಮಸ್ಯೆ ಮುಗಿಯಿತೆಂದು ನಂಬುವವರು ಮಡಿಕ್ವೆಯ ಈ ಅಧ್ಯಾಯವನ್ನು ಓದಲೇಬೇಕು.

ಹಳ್ಳಿಗೆ ಬಂದದ್ದೇನು

ರಿಸರ್ವ್‌ನ ಅಂಚಿನಲ್ಲಿ ಲೆಕೊಪುಂಗ್, ಸುಪಿಂಗ್‌ಸ್ಟಾಟ್, ಮೊಲಟೇಡಿ ಎಂಬ ಟ್ಸ್ವಾನಾ ಭಾಷಿಕರ ಹಳ್ಳಿಗಳಿವೆ. ಪ್ರಾಂತ್ಯ ಸರ್ಕಾರದ ಉದ್ಯಾನ ಮಂಡಳಿ, ಖಾಸಗಿ ಲಾಡ್ಜ್‌ಗಳು, ಈ ಹಳ್ಳಿಗಳು ಮೂರೂ ಪಾಲುದಾರರಾಗಬೇಕೆಂಬುದು ಮಡಿಕ್ವೆಯ ಮೂಲ ಒಪ್ಪಂದ. ಲಾಡ್ಜ್‌ಗಳು ಗುತ್ತಿಗೆ ಹಣ ಕಟ್ಟುತ್ತವೆ. ಅದರಿಂದ ಬೇಲಿ, ಕಾವಲು, ಪಶುವೈದ್ಯರ ಖರ್ಚು ನಡೆಯಬೇಕು. ಬಫೆಲೊ ರಿಜ್ ಲಾಡ್ಜ್ ಲೆಕೊಪುಂಗ್ ಸಮುದಾಯದ ಒಡೆತನದ್ದು, ಥಾಕಡು ರಿವರ್ ಕ್ಯಾಂಪ್ ಮೊಲಟೇಡಿಯವರದ್ದು. ಕೂಲಿಯಾಗಿ ದುಡಿಯುವುದಕ್ಕೂ ಒಡೆಯರಾಗಿ ಪಾಲು ಪಡೆಯುವುದಕ್ಕೂ ಅಂತರ ಬಹಳ. ಎಲ್ಲ ಮನೆಗಳಿಗೂ ಕೆಲಸ ಸಿಕ್ಕಿಲ್ಲ, ಬಡತನ ಹೋಗಿಲ್ಲ. ಆದರೂ ಸಫಾರಿಯ ಲಾಭದಲ್ಲಿ ಕಾಡಂಚಿನವರಿಗೆ ಹಕ್ಕಿನ ಪಾಲಿರಬೇಕೆಂಬ ತತ್ವವನ್ನು ಮಡಿಕ್ವೆ ಕಾಗದದಿಂದ ನೆಲಕ್ಕಿಳಿಸಿತು. ನಮ್ಮ ಕಾಡಂಚಿನ ಹಾಡಿಗಳ ಯುವಕರಿಗೆ ಇಂಥ ಪಾಲು ಎಂದು ಸಿಕ್ಕೀತು?

ಈ ವ್ಯವಸ್ಥೆಯ ದೌರ್ಬಲ್ಯವೂ ಸ್ಪಷ್ಟ. 2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್ ಬಂದಾಗ ಅತಿಥಿಗಳು ನಿಂತರು, ಅತಿಥಿಗಳ ಜೊತೆ ಆದಾಯವೂ ನಿಂತಿತು. ಪ್ರವಾಸಿಯ ಹಣದ ಮೇಲೆ ನಿಂತ ಕಾಡಿಗೆ ಪ್ರವಾಸಿ ಬಾರದ ವರ್ಷವೇ ಬರಗಾಲ.

ಹೋಗುವವರಿಗೆ ಒಂದು ಮಾತು

ನಮ್ಮ ಮಳೆಗಾಲದ ತಿಂಗಳುಗಳು ಅಲ್ಲಿ ಒಣ ಚಳಿಗಾಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹುಲ್ಲು ಒಣಗಿ ನೋಟ ತೆರೆದುಕೊಳ್ಳುತ್ತದೆ, ಪ್ರಾಣಿಗಳು ನೀರಿನ ಬಳಿ ಸೇರುತ್ತವೆ. ಆದರೆ ಬೆಳಗಿನ ಚಳಿ ಸೊನ್ನೆ ಡಿಗ್ರಿಯ ಹತ್ತಿರ ಇಳಿಯುತ್ತದೆ, ತೆರೆದ ವಾಹನದಲ್ಲಿ ಟೊಪ್ಪಿ, ಕೈಗವಸು, ದಪ್ಪ ಜಾಕೆಟ್ ಇಲ್ಲದೆ ಕೂರಲಾಗದು. ಭಾರತೀಯರಿಗೆ ಪ್ರವೇಶಾನುಮತಿ ಮುಂಚಿತವಾಗಿ ಬೇಕು. ನೈರೋಬಿ, ಆಡಿಸ್ ಅಬಾಬಾ ಮೂಲಕ ಹೋಗುವಾಗ ಅಲ್ಲಿ 12 ಗಂಟೆಗಿಂತ ಹೆಚ್ಚು ತಂಗಿದರೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ. ಸಣ್ಣ ಮಕ್ಕಳನ್ನು ಸಫಾರಿ ವಾಹನಕ್ಕೆ ಹತ್ತಿಸುವ ನಿಯಮ ಲಾಡ್ಜ್‌ನಿಂದ ಲಾಡ್ಜ್‌ಗೆ ಬೇರೆ, ಮೊದಲೇ ಕೇಳಿಕೊಳ್ಳಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಆಯ್ಕೆ. ಅದೇ ದೇಶದಲ್ಲಿ ಸಾವಿರಾರು ಸಿಂಹಗಳನ್ನು ಪಂಜರದ ಫಾರ್ಮುಗಳಲ್ಲಿ ಸಾಕುತ್ತಾರೆ. ಮರಿಯನ್ನು ತಾಯಿಯಿಂದ ಬೇರ್ಪಡಿಸಿ ಪ್ರವಾಸಿಗಳ ತೊಡೆಯ ಮೇಲಿಟ್ಟು ಫೋಟೊ ತೆಗೆಸುತ್ತಾರೆ. ಬೆಳೆದ ಸಿಂಹಗಳಲ್ಲಿ ಎಷ್ಟೋ ಆವರಣದೊಳಗಿನ ಬೇಟೆಗೆ, ಮೂಳೆ ವ್ಯಾಪಾರಕ್ಕೆ ಬಲಿಯಾಗುತ್ತವೆ. ಈ ಉದ್ಯಮವನ್ನು ಮುಚ್ಚಬೇಕೆಂದು ಸರ್ಕಾರ ನೇಮಿಸಿದ ಉನ್ನತ ಸಮಿತಿಯೇ 2021ರಲ್ಲಿ ಶಿಫಾರಸು ಮಾಡಿದೆ. ಮಡಿಕ್ವೆಯಲ್ಲೂ ಮನುಷ್ಯನ ಕೈ ಇದೆ, ಪಂಜರದ ಫಾರ್ಮಿನಲ್ಲೂ ಇದೆ. ಒಂದು ಕಡೆ ಸಿಂಹ ತಾನೇ ಬೇಟೆಯಾಡಿ, ತಾನೇ ಮರಿ ಬೆಳೆಸಿ ಬದುಕಲೆಂದು ಆ ಕೈ ದುಡಿಯುತ್ತದೆ. ಇನ್ನೊಂದು ಕಡೆ ಸಿಂಹವನ್ನೇ ಸರಕು ಮಾಡುತ್ತದೆ.

ಹಾಗಾಗಿ ಮುಂಗಡ ಹಣ ಕಟ್ಟುವ ಮೊದಲು ಪ್ರವಾಸ ಸಂಸ್ಥೆಯವರನ್ನು ಮೂರು ಪ್ರಶ್ನೆ ಕೇಳಿ. ನಾವು ಉಳಿಯುವ ಜಾಗದ ಆದಾಯದಲ್ಲಿ ಸುತ್ತಲ ಹಳ್ಳಿಗಳ ಪಾಲೆಷ್ಟು? ಒಂದು ಪ್ರಾಣಿಯ ಬಳಿ ಎಷ್ಟು ವಾಹನ ಬಿಡುತ್ತಾರೆ? ನಮ್ಮ ಪಟ್ಟಿಯಲ್ಲಿ ಸಿಂಹದ ಮರಿ ಮುಟ್ಟುವ, ಸಿಂಹದೊಡನೆ ನಡೆಯುವ ಕಾರ್ಯಕ್ರಮ ಇದೆಯೇ? ಮೂರನೆಯದಕ್ಕೆ ಉತ್ತರ ಹೌದು ಎಂದಾದರೆ ಆ ಪ್ರವಾಸವನ್ನು ಅಲ್ಲಿಗೇ ಬಿಟ್ಟುಬಿಡಿ. ಎತ್ತಿಕೊಳ್ಳಲು ಸಿಗುವ ಯಾವ ಸಿಂಹದ ಮರಿಯೂ ಕಾಡಿಗೆ ಮರಳುವುದಿಲ್ಲ.